ಒಂದೇ ಉಸಿರಿಗೆ ಎಷ್ಟು ಎಣಿಸ್ತೀಯ ಪುಟ್ಟ?

ನನ್ನ ಮಗ ಪುಟ್ಟನಿಗೆ ಟಿಡಿ ಲಸಿಕೆ ಹಾಕಿಸಿದವಳು ನಾನೇ. ಲಸಿಕೆ ಹಾಕಬೇಕಾದ ಮಕ್ಕಳ ಡ್ಯೂ ಲಿಸ್ಟಿನಲ್ಲಿ ಅವನ ಹೆಸರು ಬರೆದದ್ದು ನನ್ನ ಕೈ. ಅವತ್ತು ಶಾಲೆಯ ವರಾಂಡದಲ್ಲಿ ಅವನ ಅಂಗಿಯ ತೋಳು ಮಡಚಿ ಹಿಡಿದದ್ದೂ ನನ್ನ ಕೈ. ಸಕಲೇಶಪುರ ತಾಲ್ಲೂಕಿನ ನಮ್ಮ ಊರಿಗೆ, ಅದರ ಸುತ್ತಲ ಎರಡು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ 13 ವರ್ಷದಿಂದ ನಾನು ಆಶಾ ಕಾರ್ಯಕರ್ತೆ. ಎಷ್ಟು ಮಕ್ಕಳ ತೋಳು ಹೀಗೆ ಹಿಡಿದಿದ್ದೇನೋ ಲೆಕ್ಕವಿಲ್ಲ. ಹಿಡಿದು ಹೇಳುವ ನಾಲ್ಕು ಮಾತು ನಿದ್ದೆಯಲ್ಲೂ ಬರುತ್ತವೆ: ಇದು ಯಾವ ರೋಗದ ಲಸಿಕೆ, ಹಾಕಿದ ಮೇಲೆ ಏನಾಗಬಹುದು, ಮುಂದಿನದು ಯಾವಾಗ, ಕಾರ್ಡ್ ಜೋಪಾನ. ಎರಡನೇ ಮಾತಿಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಒಂದೇ. ಜ್ವರ ಬರಬಹುದು, ಕೈ ಊದಬಹುದು, ಎರಡು ದಿನದಲ್ಲಿ ಸರಿಹೋಗುತ್ತದೆ. ಅದು ಸುಳ್ಳಲ್ಲ. ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಅಷ್ಟೇ ಆಗುವುದು.

2023ರ ನವೆಂಬರ್. ಹಾಸನಾಂಬೆಯ ಬಾಗಿಲು ತೆರೆದಿತ್ತು. ನಾವು ನಾಲ್ಕೂ ಜನ ಹಾಸನಕ್ಕೆ ಹೋಗಿ, ಸಾಲಿನಲ್ಲಿ ನಿಂತು ದರ್ಶನ ಮುಗಿಸಿ, ರಾತ್ರಿ ಆಲೂರಿನ ನೆಂಟರ ಮನೆಯಲ್ಲಿ ಉಳಿದೆವು. ಮಾರನೇ ದಿನ ಅಲ್ಲೇ ಬಾಡೂಟ. ಊರಿಗೆ ಬಂದ ಎರಡು ದಿನಕ್ಕೆ ಪುಟ್ಟನಿಗೆ ಭೇದಿ ಶುರುವಾಯಿತು. ನನ್ನ ಕಿಟ್ಟಿನಲ್ಲೇ ಇದ್ದ ಓಆರ್‌ಎಸ್ ಪುಡಿ ಕಲಸಿ ಕುಡಿಸಿದೆ, ಜಿಂಕ್ ಮಾತ್ರೆ ಕೊಟ್ಟೆ. ಮೂರು ದಿನಕ್ಕೆ ನಿಂತಿತು. ಅದನ್ನು ನಾನು ಮರೆತೇಬಿಟ್ಟೆ. ಅದಾದ ಒಂದು ವಾರಕ್ಕೆ ಶಾಲೆಯಲ್ಲಿ ಐದನೇ ಕ್ಲಾಸಿನವರಿಗೆ ಟಿಡಿ. ಧನುರ್ವಾಯು, ಗಂಟಲಮಾರಿ ಎರಡಕ್ಕೂ ಅದು ಒಂದೇ ಲಸಿಕೆ. 10 ವರ್ಷಕ್ಕೊಂದು, 16ಕ್ಕೊಂದು. ಪುಟ್ಟ ಅಳಲಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಾಳೆ ಎಂದು ಉಳಿದವರ ಮುಂದೆ ಸ್ವಲ್ಪ ಎದೆ ಉಬ್ಬಿಸಿಯೇ ಕೂತಿದ್ದ.

ಹನ್ನೊಂದನೇ ದಿನ ರಾತ್ರಿ ಎದ್ದು ಕೂತು, "ಅಮ್ಮ, ಕಾಲು ನೋಯ್ತದೆ, ಜೋಮು ಹಿಡ್ದಂಗ್ ಆಯ್ತದೆ" ಅಂದ. ಮೀನಖಂಡಕ್ಕೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿದೆ. ಬೆಳಿಗ್ಗೆ ಶಾಲೆಗೆ ಹೊರಟವನ ಚಪ್ಪಲಿ ಕಾಲಿನಿಂದ ಜಾರಿ ಜಾರಿ ಬೀಳುತ್ತಿತ್ತು. ಬೆರಳಲ್ಲಿ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ನಮ್ಮ ಮನೆ ಮುಂದೆ ಐದು ಮೆಟ್ಟಿಲು. ಸಂಜೆ ಬಂದು ಗೋಡೆ ಹಿಡಿದು ಹತ್ತಿದ. ಅವತ್ತೇ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಲಸಿಕೆ ಹಾಕಿಸಿದ್ದು ಹೇಳಿದೆ. ಆ ಡಾಕ್ಟರು ಅವನನ್ನು ಮಂಚದ ಮೇಲೆ ಮಲಗಿಸಲೂ ಇಲ್ಲ. "ಸೂಜಿ ಭಯ ಅಮ್ಮ, ಮಕ್ಕಳು ಹೀಗೆ ಮಾಡ್ತವೆ, ಪರೀಕ್ಷೆ ಹತ್ರ ಬಂತಲ್ಲ" ಎಂದು ಟಾನಿಕ್ ಬರೆದುಕೊಟ್ಟರು. ನನಗೂ ಸಮಾಧಾನವೇ ಆಯಿತು. ಭಯ ಎಂದರೆ ಕಾಯಿಲೆ ಅಲ್ಲವಲ್ಲ ಎಂದುಕೊಂಡೆ. ಆ ಸಮಾಧಾನಕ್ಕೆ ಒಂದು ಇಡೀ ದಿನ ಹೋಯಿತು.

ಮೂರನೇ ದಿನ ಬೆಳಿಗ್ಗೆ ಬಚ್ಚಲ ಕಡೆಯಿಂದ ಕೂಗಿದ. ಕೂತವನಿಗೆ ಏಳಲು ಆಗುತ್ತಿಲ್ಲ. ಎರಡೂ ಕಂಕುಳಿಗೆ ಕೈಹಾಕಿ ಎತ್ತಿದರೆ ಕಾಲುಗಳು ನೆನೆದ ಬಟ್ಟೆಯ ಹಾಗೆ ಇಳಿಬಿದ್ದವು. ಎಸ್ಟೇಟಿನ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿ ಇದ್ದದ್ದು ಇನ್ನೂ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಅವರು ಮೊದಲು ಮಾಡಿದ ಕೆಲಸವೆಂದರೆ ಪುಟ್ಟನನ್ನು ಮಂಚದ ಅಂಚಿಗೆ ಕೂರಿಸಿ, ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದ್ದು. ಕಾಲು ಒದೆಯಲಿಲ್ಲ. ಇನ್ನೊಂದು ಕಾಲೂ ಅಷ್ಟೇ. ಹಿಮ್ಮಡಿಯಲ್ಲೂ ಇಲ್ಲ. "ಹದಿನೈದು ದಿನದಿಂದ ಈಚೆಗೆ ಜ್ವರ, ಕೆಮ್ಮು, ಭೇದಿ ಏನಾದ್ರೂ ಆಗಿತ್ತಾ? ಸ್ವಲ್ಪ ಹಿಂದಿನದೂ ನೆನಪು ಮಾಡ್ಕೊಳಿ" ಎಂದರು. ಆಗ ಹಾಸನಾಂಬೆ, ಬಾಡೂಟ, ಓಆರ್‌ಎಸ್ ಎಲ್ಲ ನೆನಪಾಗಿ ಹೇಳಿದೆ. ಲಸಿಕೆಯದ್ದೂ ಹೇಳಿದೆ. ಅವರು ಎರಡನ್ನೂ ತಾರೀಖು ಸಮೇತ ಬರೆದುಕೊಂಡರು. ಯಾವುದನ್ನೂ ತಳ್ಳಿಹಾಕಲಿಲ್ಲ. ಅವರ ಆ ಬರವಣಿಗೆ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಒಂದು ಮಾತು ಹೇಳಿದರು: "ಎಎಫ್‌ಪಿ ಅಂತ ರಿಪೋರ್ಟ್ ಮಾಡ್ಬೇಕು."

ಆ ಮೂರಕ್ಷರ ನನಗೆ ಗೊತ್ತು. 15 ವರ್ಷದೊಳಗಿನ ಯಾವ ಮಗುವಿಗೇ ಆಗಲಿ, ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೆ, ಕಾರಣ ಏನೇ ಇರಲಿ, ತಿಳಿಸಲೇಬೇಕು. ಪೋಲಿಯೋ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮ ಅದು. ನಮ್ಮ ದೇಶದಲ್ಲಿ ಸಹಜ (ವೈಲ್ಡ್) ವೈರಸ್ಸಿನಿಂದ ಬರುವ ಪೋಲಿಯೋ ಕೊನೆಯದಾಗಿ ಕಾಣಿಸಿದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೋಮುಕ್ತ ಎಂದು ಘೋಷಣೆ ಆಯಿತು. ಆದರೂ ಹುಡುಕುವುದನ್ನು ನಿಲ್ಲಿಸಿಲ್ಲ. ಟ್ರೈನಿಂಗಿನಲ್ಲಿ ಕೇಳಿದ್ದನ್ನೇ ನಾನು ಮನೆಮನೆಗೆ ಹೋಗಿ ಹೇಳಿದ್ದೆ. ಎರಡು ಸಲ ಮಲದ ಮಾದರಿ ತೆಗೆಯಬೇಕು, ನಡುವೆ 24 ಗಂಟೆಯಾದರೂ ಅಂತರ ಇರಬೇಕು, ಕಾಲು ಸೋತ 14 ದಿನದೊಳಗೆ ಆಗಬೇಕು, ಐಸ್ ಪ್ಯಾಕಿನ ಡಬ್ಬದಲ್ಲೇ ಲ್ಯಾಬಿಗೆ ಹೋಗಬೇಕು. ಪುಟ್ಟನಿಗೆ ಬಂದ ಕಾಯಿಲೆಯಲ್ಲಿ ಮಲವೂ ಕಟ್ಟಿಕೊಳ್ಳುತ್ತದೆ ಎಂಬುದು ಟ್ರೈನಿಂಗಿನಲ್ಲಿ ಹೇಳಿರಲಿಲ್ಲ. ಮೊದಲ ಮಾದರಿ ಬರುವಷ್ಟರಲ್ಲಿ ಎರಡು ದಿನ ಆಯಿತು, ಎರಡನೆಯದು ಐದನೇ ದಿನ. ಹೆಬ್ಬೆರಳಿನ ಗಾತ್ರದಷ್ಟು ಸಾಕು. ಅಷ್ಟಕ್ಕಾಗಿ ಆ ಮಗು ಪಟ್ಟ ಕಷ್ಟ, ನಾಚಿಕೆ ನೋಡಲಾಗುತ್ತಿರಲಿಲ್ಲ.

108ರಲ್ಲಿ ಹಾಸನಕ್ಕೆ, ಅಲ್ಲಿಂದ ಅದೇ ರಾತ್ರಿ ಬೆಂಗಳೂರಿಗೆ. ಹಾಸನದ ಡಾಕ್ಟರು ಆಂಬುಲೆನ್ಸ್ ಹತ್ತಿಸುವ ಮುಂಚೆ ಕಾಯಿಲೆಯ ಹೆಸರು ಹೇಳಿದರು: ಗಿಯಾನ್ ಬಾರೆ ಸಿಂಡ್ರೋಮ್, ಎಲ್ಲರೂ ಕರೆಯುವುದು ಜಿಬಿಎಸ್. 1916ರಲ್ಲಿ ಫ್ರೆಂಚ್ ಡಾಕ್ಟರುಗಳು ಬರೆದಿಟ್ಟ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲಿನ ಹೊದಿಕೆಯನ್ನು ತಿನ್ನಲು ಶುರುಮಾಡುತ್ತದೆ. ಕಾಲಿನಿಂದ ಮೇಲಕ್ಕೆ ಹತ್ತುತ್ತದೆ. "ಎಲ್ಲಿಯವರೆಗೆ ಹತ್ತುತ್ತೆ ಸಾರ್?" ಎಂದು ನಮ್ಮ ಯಜಮಾನರು ಕೇಳಿದರು. ಡಾಕ್ಟರು ಮುಚ್ಚಿಡಲಿಲ್ಲ. "ಕೆಲವರಿಗೆ ಕಾಲಲ್ಲೇ ನಿಲ್ಲುತ್ತೆ. ಕೆಲವರಿಗೆ ಉಸಿರಾಟದವರೆಗೂ ಹೋಗುತ್ತೆ. ಅದಕ್ಕೇ ಈಗಲೇ ಕಳಿಸ್ತಿರೋದು."

ನಿಮ್ಹಾನ್ಸ್ ವಾರ್ಡಿನಲ್ಲಿ ಕಳೆದ ಮೊದಲ ವಾರವನ್ನು ನಾನು ದಿನದ ಲೆಕ್ಕದಲ್ಲಿ ನೆನಪಿಟ್ಟುಕೊಂಡಿಲ್ಲ. ನನ್ನ ತಲೆಯಲ್ಲಿ ಇರುವುದು ಬರೀ ಸಂಖ್ಯೆಗಳು. ಎರಡು ಗಂಟೆಗೊಮ್ಮೆ ಸಿಸ್ಟರ್ ಬಂದು, "ಪುಟ್ಟ, ಜೋರಾಗಿ ಉಸಿರು ತಗೋ. ಈಗ ಒಂದೇ ಉಸಿರಿಗೆ ಎಷ್ಟು ಎಣಿಸ್ತೀಯ ಹೇಳು" ಎನ್ನುತ್ತಿದ್ದರು. ಒಂದು, ಎರಡು, ಮೂರು. ಉಸಿರಾಟದ ಸ್ನಾಯುಗಳಲ್ಲಿ ಎಷ್ಟು ಬಲ ಉಳಿದಿದೆ ಎಂದು ಮಿಷನ್ ಇಲ್ಲದೆ ತಿಳಿಯುವ ಉಪಾಯ ಅದು. ಆಸ್ಪತ್ರೆಗೆ ಸೇರಿಸಿದ ದಿನ 27. ಮಾರನೇ ಬೆಳಿಗ್ಗೆ 22. ಮಧ್ಯಾಹ್ನ 19. 20ರ ಕೆಳಗೆ ಇಳಿದಾಗ ಸಿಸ್ಟರ್ ಏನೂ ಹೇಳದೆ ಡಾಕ್ಟರನ್ನು ಕರೆದರು. ಪುಟ್ಟನ ಮಂಚವನ್ನು ವೆಂಟಿಲೇಟರ್ ಇರುವ ಕಡೆಗೆ ಹತ್ತಿರ ತಳ್ಳಿದರು. ರಾತ್ರಿ ಹನ್ನೊಂದಕ್ಕೆ 16. ಬೆಳಗಿನ ಜಾವ 14. ಅವನು "ಹದಿನಾಲ್ಕು" ಎನ್ನುವಾಗ "ನಾಲ್ಕು" ಮಾತ್ರ ಕೇಳಿಸಿತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಮುಖದ ಒಂದು ಕಡೆ ನಗು ಬರುತ್ತಿರಲಿಲ್ಲ. ನಾನು ಹೊರಗೆ ಕಾರಿಡಾರಿನಲ್ಲಿ ನಿಂತು ನನ್ನ ಉಸಿರು ಹಿಡಿದು ಎಣಿಸಿ ನೋಡಿದೆ. ನಲವತ್ತು ದಾಟಿತು. ಅಷ್ಟು ಉಸಿರು ನನಗೆ ಯಾಕೆ ಎನಿಸಿತು.

14ರ ಕೆಳಗೆ ಇಳಿಯಲಿಲ್ಲ. ಎರಡು ದಿನ ಅಲ್ಲೇ ನಿಂತಿತು.

ನಡುವೆ ಬೆನ್ನಿನ ನೀರು ತೆಗೆದರು. ಅದರಲ್ಲಿ ಪ್ರೋಟೀನ್ ಹೆಚ್ಚಿತ್ತು, ಜೀವಕಣ ಹೆಚ್ಚಿರಲಿಲ್ಲ. ಈ ಕಾಯಿಲೆಯ ಗುರುತೇ ಅದಂತೆ. ನರದಲ್ಲಿ ಕರೆಂಟ್ ಹಾಯಿಸಿ ನೋಡುವ ಪರೀಕ್ಷೆಯೂ ಆಯಿತು. ಮದ್ದು ಎಂದರೆ ಇಮ್ಯುನೋಗ್ಲಾಬ್ಯುಲಿನ್, ಸಾವಿರಕ್ಕೂ ಹೆಚ್ಚು ದಾನಿಗಳ ಪ್ಲಾಸ್ಮಾ ಸೇರಿಸಿ ತೆಗೆದ ದ್ರವ. ಒಂದು ಕೆಜಿ ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ, 5 ದಿನಕ್ಕೆ ಹಂಚಿ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಪುಟ್ಟ ಆಗ 26 ಕೆಜಿ. 52 ಗ್ರಾಂ, ಐದೈದು ಗ್ರಾಮಿನ ಹನ್ನೊಂದು ಬಾಟಲಿ. ಬಿಪಿಎಲ್ ಕಾರ್ಡು, ಹಾಸನದ ರೆಫರಲ್ ಚೀಟಿ ನಮ್ಮನ್ನು ಬಹಳ ಮಟ್ಟಿಗೆ ಕಾಪಾಡಿದವು. ಉಳಿದದ್ದಕ್ಕೆ ಯಜಮಾನರು ಸಾಹುಕಾರರ ಹತ್ತಿರ ಎರಡು ವರ್ಷದ ಅಡ್ವಾನ್ಸ್ ತಗೊಂಡರು. ನಮ್ಮ ಯಜಮಾನರು ಎಸ್ಟೇಟಿನಲ್ಲಿ ರೈಟರ್. ಅವರು ಕೋಪದ ಮನುಷ್ಯ ಅಲ್ಲ. ಆದರೆ ಎಣಿಕೆ 14ಕ್ಕೆ ಇಳಿದ ಆ ಬೆಳಿಗ್ಗೆ ಕಾರಿಡಾರಿನಲ್ಲಿ ನನ್ನ ಮುಖ ನೋಡದೆ ಹೇಳಿದರು, "ಊರ ಮಕ್ಕಳಿಗೆಲ್ಲ ಹಾಕಿಸ್ದೆ. ನಮ್ಮದಕ್ಕೆ ಹಿಂಗಾಯ್ತು." ನಾನು ಏನೂ ಅನ್ನಲಿಲ್ಲ. ಅದೇ ಮಾತನ್ನು ನಾನೂ ಹಿಂದಿನ ರಾತ್ರಿಯೆಲ್ಲ ನನಗೆ ಹೇಳಿಕೊಂಡಿದ್ದೆ.

ಆ ಮಾತಿಗೆ ಉತ್ತರ ಬೇಕಿತ್ತು. ಅದಕ್ಕೇ ವರದಿಯ ವಿಷಯ ಹಿಡಿದದ್ದು.

ಎಎಫ್‌ಪಿ ನಮೂನೆ ಮೊದಲ ದಿನವೇ ತುಂಬಿತ್ತು. ಆದರೆ ಅದು ಪೋಲಿಯೋದ ದಾರಿ. ಲಸಿಕೆ ಹಾಕಿದ ಮೇಲೆ ಏನಾದರೂ ಗಂಭೀರವಾಗಿ ಆದರೆ ಅದಕ್ಕೆ ಬೇರೆಯದೇ ನಮೂನೆ ಇದೆ, ಎಇಎಫ್‌ಐ ಎನ್ನುತ್ತೇವೆ. ಗೊತ್ತಾದ 24 ಗಂಟೆಯೊಳಗೆ ಜಿಲ್ಲೆಗೆ ಹೋಗಬೇಕು. ನಾನು ಬೆಂಗಳೂರಿನಿಂದ ನಮ್ಮ ಸಿಸ್ಟರಿಗೆ ಫೋನ್ ಮಾಡಿದೆ. ಅವತ್ತು ಸೂಜಿ ಹಾಕಿದ್ದು ಅವರೇ. ಸುದ್ದಿ ಕೇಳಿ ಅಳುವುದಕ್ಕೆ ಶುರುಮಾಡಿದರು. ಆಮೇಲೆ ಇಲಾಖೆಯಲ್ಲೇ ಸ್ವಲ್ಪ ಮೇಲಿನವರೊಬ್ಬರು ನನಗೆ ಫೋನ್ ಮಾಡಿ, "ನೋಡಮ್ಮ, ನೀನೇ ಆಶಾ. ನೀನೇ ಹೀಗೆ ಬರೆಸಿದ್ರೆ ನಾಳೆ ಯಾರು ಲಸಿಕೆ ಹಾಕಿಸ್ಕೊತಾರೆ? ಭೇದಿ ಆಗಿತ್ತಲ್ಲ, ಅದರಿಂದ ಅಂತ ಬಿಟ್ಟುಬಿಡು" ಎಂದರು. ಅವರು ಕೆಟ್ಟವರಲ್ಲ, ಹೆದರಿದವರು. ಆದರೆ ನನ್ನ ಮನಸ್ಸು ಅಲ್ಲೇ ಗಟ್ಟಿಯಾಯಿತು. "ಸಾರ್, ಲಸಿಕೆಯಿಂದ ಅಂತ ಬರೀಬೇಡಿ. ಲಸಿಕೆ ಆದಮೇಲೆ ಅಂತ ಬರೀರಿ. ಯಾವುದರಿಂದ ಅನ್ನೋದನ್ನ ಹುಡುಕೋಕೇ ಅಲ್ವಾ ಆ ಫಾರಂ ಇರೋದು?" ಎಂದೆ. ನಮ್ಮ ಪಿಎಚ್‌ಸಿಯ ಡಾಕ್ಟರು ಅವತ್ತು ಸಂಜೆಯೇ ತುಂಬಿ ಕಳಿಸಿದರು.

ಆ ಒಂದು ಹಾಳೆಯಿಂದ ಏನೇನು ಶುರುವಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಇಷ್ಟು ವರ್ಷ ಕೆಲಸ ಮಾಡಿದರೂ ಇದನ್ನು ಕಣ್ಣಾರೆ ಕಂಡಿರಲಿಲ್ಲ. ಜಿಲ್ಲೆಯ ಆರ್‌ಸಿಎಚ್ ಅಧಿಕಾರಿ, ಅಂದರೆ ಜಿಲ್ಲೆಯಲ್ಲಿ ಲಸಿಕೆಯ ಕೆಲಸ ನೋಡಿಕೊಳ್ಳುವವರು, ನಮ್ಮ ಊರಿಗೆ ಬಂದರು. ಲಸಿಕೆಯ ಸೀಸೆ, ಅಂದರೆ ವಯಲಿನ ಬ್ಯಾಚ್ ನಂಬರ್ ತೆಗೆಸಿದರು. ವ್ಯಾಕ್ಸಿನ್ ಕ್ಯಾರಿಯರ್ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಟಿತು, ಐಸ್ ಪ್ಯಾಕ್ ಎಷ್ಟಿದ್ದವು, ವಯಲ್ ಯಾವಾಗ ಬಿಚ್ಚಿದರು, ಪುಟ್ಟನಿಗೆ ಎಷ್ಟನೇ ಡೋಸ್ ಎಂದು ಕೇಳಿದರು. ಹತ್ತು ಡೋಸಿನ ವಯಲ್ ಅದು. ಉಳಿದ ಒಂಬತ್ತು ಮಕ್ಕಳು ಯಾರು? ಆ ಒಂಬತ್ತು ಮನೆಗೂ ಹೋಗಿ ಮಕ್ಕಳನ್ನು ನಡೆಸಿ, ಕೂರಿಸಿ, ಎಬ್ಬಿಸಿ ನೋಡಿದರು. ಆ ಸಮಯಕ್ಕೆ ನಾನು ಎರಡು ದಿನದ ಮಟ್ಟಿಗೆ ಊರಿಗೆ ಬಂದಿದ್ದೆ, ಅವರ ಜೊತೆಗೆ ಹೋದೆ. ಲೈನ್ ಮನೆಯ ಒಬ್ಬಳು ತಾಯಿ ನನ್ನನ್ನು ಕಂಡ ಕೂಡಲೇ ಮಗಳನ್ನು ಒಳಗೆ ಎಳೆದುಕೊಂಡಳು. ಅದು ನನಗೆ ಚುಚ್ಚಿತು, ಆದರೆ ತಪ್ಪು ಎನಿಸಲಿಲ್ಲ. ಅಧಿಕಾರಿ ಹೊರಗೇ ಕುಕ್ಕರಗಾಲಲ್ಲಿ ಕೂತು, "ಮಗು ಚೆನ್ನಾಗಿದ್ಯಾ ಅಂತ ನೋಡೋಕೆ ಬಂದಿದ್ದೀವಿ ಕಣಮ್ಮ, ಸೂಜಿ ತಂದಿಲ್ಲ" ಎಂದಾಗ ಹೊರಗೆ ಬಿಟ್ಟಳು. ಒಂಬತ್ತು ಮಕ್ಕಳೂ ಆರೋಗ್ಯವಾಗಿದ್ದವು. ಅವತ್ತು ನಾನು ಎಷ್ಟು ಹಗುರಾದೆ ಎಂದು ಹೇಳಲಾರೆ.

ಆಸ್ಪತ್ರೆಯ ಎಲ್ಲ ಕಾಗದ, ಬೆನ್ನಿನ ನೀರಿನ ರಿಪೋರ್ಟು, ಭೇದಿಯ ಇತಿಹಾಸ, ಎಲ್ಲ ಸೇರಿ ಎರಡು ತನಿಖಾ ನಮೂನೆ ಆದವು. ಮೊದಲನೆಯದಕ್ಕೆ 10 ದಿನದ ಗಡುವು, ಕೊನೆಯದಕ್ಕೆ 70 ದಿನ. ಆಮೇಲೆ ಅದು ರಾಜ್ಯದ ಸಮಿತಿಗೆ ಹೋಯಿತು. ತಿಂಗಳುಗಟ್ಟಲೆ ಕಾದೆವು. ನಾನು ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದೆ.

ಈ ನಡುವೆ ಅತ್ತೆ ಒಂದು ಮಾತು ತೆಗೆದರು. ಪುಟ್ಟನನ್ನು ಊರಿಗೆ ಕರೆದುಕೊಂಡು ಬಂದ ರಾತ್ರಿ ಒಲೆ ಮುಂದೆ ಕೂತು, "ನಮ್ಮ ತೌರು ಕಡೆ ಒಬ್ಬರಿಗೆ ಹಿಂಗೇ ಆಗಿತ್ತು ಕಣವ್ವ. ನಾಯಿ ಕಚ್ಚಿ, ಹೊಕ್ಕಳ ಸುತ್ತ ಹದಿನಾಲ್ಕು ಇಂಜಕ್ಷನ್ ಹಾಕ್ಸಿದ್ರು. ಮುಗಿಯೋ ಹೊತ್ತಿಗೆ ಕಾಲು ಬಿದ್ದೋಯ್ತು. ಯಾರೂ ನಂಬ್ಲಿಲ್ಲ" ಎಂದರು. ಹಳೆಯ ಕಾಲದ ಮಾತು ಎಂದು ನಾನೂ ಮೊದಲು ತಳ್ಳಿಹಾಕಿದ್ದೆ. ಮುಂದಿನ ಸಲ ಚೆಕಪ್ಪಿಗೆ ಹೋದಾಗ ನರರೋಗದ ಡಾಕ್ಟರನ್ನು ಕೇಳಿದೆ. ಅವರು ತಕ್ಷಣ, "ನಿಮ್ಮ ಅತ್ತೆ ಹೇಳಿದ್ದು ನಿಜ" ಎಂದರು. ಆ ಹಳೆಯ ಲಸಿಕೆಗೆ ಸೆಂಪಲ್ ಲಸಿಕೆ ಎಂದು ಹೆಸರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬುವರು ತಯಾರಿಸಿದ್ದು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ಮಾಡುತ್ತಿದ್ದರು. ಆ ಮಿದುಳಿನ ಅಂಶವೂ ಸೂಜಿಯ ಜೊತೆ ಮೈಗೆ ಹೋಗುತ್ತಿತ್ತು. ಅದರ ವಿರುದ್ಧ ಎದ್ದ ಮೈಶಕ್ತಿ ಕೆಲವರಲ್ಲಿ ತಮ್ಮದೇ ನರವನ್ನು ತಿನ್ನುತ್ತಿತ್ತು. ಹುಚ್ಚುನಾಯಿ ರೋಗ ಬಂದರೆ ಸಾವೇ ಗತಿ, ಆದ್ದರಿಂದ ಬೇರೆ ದಾರಿ ಇಲ್ಲದೆ ಅದನ್ನೇ ಕೊಟ್ಟರು. ಜೀವಕೋಶದಲ್ಲಿ ಬೆಳೆಸಿದ ಹೊಸ ಲಸಿಕೆ ಬಂದ ಮೇಲೆ 2004-05ರ ಹೊತ್ತಿಗೆ ನಮ್ಮ ದೇಶದಲ್ಲಿ ಅದನ್ನು ಪೂರ್ತಿ ನಿಲ್ಲಿಸಿದರು. ಈಗ ಹಾಕುವುದು ತೋಳಿಗೆ. ಮನೆಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತೇ ಯಾರಾದ್ರೂ ಹಿಂಗ್ ಹೇಳಿದ್ರೆ ಆಗ್ತಿತ್ತು" ಎಂದರು.

ಆ ನರರೋಗದ ಡಾಕ್ಟರು ಬಿಡುವು ಮಾಡಿಕೊಂಡು ಮಾತಾಡುವವರು. ಇನ್ನೂ ಎರಡು ಸಂಗತಿ ಅವರಿಂದಲೇ ತಿಳಿದದ್ದು. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಹೆದರಿಕೆಗೆ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ಲಸಿಕೆ ಹಾಕಿದರು. ಆಮೇಲೆ ಜಿಬಿಎಸ್ ಸ್ವಲ್ಪ ಹೆಚ್ಚಾದದ್ದು ಕಂಡಿತು. ಲಕ್ಷಕ್ಕೆ ಸುಮಾರು ಒಂದು ಹೆಚ್ಚುವರಿ ಕೇಸು. ಅದು ಕಂಡದ್ದು ಅಲ್ಲಲ್ಲಿ ಡಾಕ್ಟರುಗಳು ಬರೆದು ಕಳಿಸಿದ್ದರಿಂದ. ಆ ವರ್ಷದ ಕೊನೆಗೆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಇನ್ನೊಂದು ಧನುರ್ವಾಯು ಲಸಿಕೆಯದ್ದೇ. 1978ರಲ್ಲಿ ಪ್ರಕಟವಾದ ವರದಿ, 42 ವರ್ಷದ ಒಬ್ಬ ಗಂಡಸಿನದು. ಬೇರೆ ಬೇರೆ ವರ್ಷ ಮೂರು ಸಲ ಲಸಿಕೆ ತೆಗೆದುಕೊಂಡಾಗಲೂ ಅವನ ನರಗಳು ಸೋತಿದ್ದವು. ಆ ಒಬ್ಬನ ವಿಷಯದಲ್ಲಿ ಸಂಬಂಧ ಇದೆ ಎಂದೇ ತೋರುತ್ತದೆ. ಆದರೆ ಕೋಟ್ಯಂತರ ಜನ ಹಾಕಿಸಿಕೊಂಡ ಲಸಿಕೆಯಿಂದ ಜಿಬಿಎಸ್ ಹೆಚ್ಚಾಗುತ್ತದೆ ಎನ್ನಲು ಸಾಕ್ಷಿ ಸಾಲದು. ಭೇದಿಯ ಕಥೆ ಬೇರೆ. ಸರಿಯಾಗಿ ಬೇಯದ ಕೋಳಿಯಿಂದ, ಕೆಟ್ಟ ನೀರಿನಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಇದೆ. ಅದರ ಮೈಮೇಲಿನ ಒಂದು ಅಂಶ ನಮ್ಮ ನರದ ಅಂಶವನ್ನೇ ಹೋಲುತ್ತದೆ. ಅದನ್ನು ಹೊಡೆಯಲು ಹೊರಟ ಮೈಶಕ್ತಿ ನರವನ್ನೂ ಹೊಡೆಯುತ್ತದೆ. ಜಿಬಿಎಸ್‌ಗೆ ಗೊತ್ತಿರುವ ಕಾರಣಗಳಲ್ಲಿ ಅದೇ ದೊಡ್ಡದು. "ನಿಮ್ಮ ಮಗನ ಕಾಲು ಸೋಲುವ ಮುಂಚೆ ಎರಡೂ ಆಗಿದ್ದವು. ನನ್ನನ್ನು ಕೇಳಿದರೆ ಭೇದಿಯ ಕಡೆಗೇ ತೂಕ ಹೆಚ್ಚು. ಆದರೆ ಪ್ರಮಾಣ ಮಾಡಿ ಹೇಳಲಾರೆ" ಎಂದರು. ಪ್ರಮಾಣ ಮಾಡಿ ಹೇಳಲಾರೆ ಎಂದ ಡಾಕ್ಟರ ಮೇಲೆ ನನಗೆ ಹುಟ್ಟಿದ ನಂಬಿಕೆ, ಭಯ ಎಂದು ಟಾನಿಕ್ ಬರೆದುಕೊಟ್ಟವರ ಮೇಲೆ ಹುಟ್ಟಲಿಲ್ಲ.

ಪುಟ್ಟನ ಎಣಿಕೆ ಎಂಟನೇ ದಿನ 17 ಆಯಿತು, ಹತ್ತನೇ ದಿನ 21. ವೆಂಟಿಲೇಟರ್ ಬೇಕಾಗಲಿಲ್ಲ. ಮಕ್ಕಳು ಈ ಕಾಯಿಲೆಯಿಂದ ದೊಡ್ಡವರಿಗಿಂತ ಚೆನ್ನಾಗಿ ಎದ್ದುಬರುತ್ತಾರೆ ಎಂದು ಹೇಳಿದ್ದರು, ಹಾಗೇ ಆಯಿತು. ಆದರೆ ನಿಧಾನ. ಮೇಲಿನಿಂದ ಕೆಳಕ್ಕೆ ವಾಪಸ್ ಬಂತು: ಮೊದಲು ಮುಖ, ಆಮೇಲೆ ಕೈ, ಕೊನೆಗೆ ಪಾದ. ಫಿಸಿಯೋಥೆರಪಿಗೆ ಎರಡು ಕಂಬಿ ಹಿಡಿದು ನಡೆಸಬೇಕು. ವಾರಕ್ಕೆ ಮೂರು ಸಲ ಹಾಸನಕ್ಕೆ ಹೋಗಿಬರುವುದು ಆಗದ ಮಾತು, ಅದೂ ಕೊಯ್ಲಿನ ಸಮಯ. ಒಂದು ಭಾನುವಾರ ಯಜಮಾನರು ಏನೂ ಹೇಳದೆ ಎರಡು ಸಿಲ್ವರ್ ಮರದ ಗಳ ಕಡಿದು ತಂದು, ಕಾಫಿ ಒಣಗಿಸುವ ಕಣದ ಒಂದು ಅಂಚಿಗೆ ಗೂಟ ಹೊಡೆದು, ಪುಟ್ಟನ ಸೊಂಟದ ಎತ್ತರಕ್ಕೆ ಕಟ್ಟಿದರು. ಸಿಬಿರು ಚುಚ್ಚದ ಹಾಗೆ ಸಂಜೆಯವರೆಗೂ ಮರಳು ಕಾಗದದಲ್ಲಿ ಉಜ್ಜಿದರು. ಕಾರಿಡಾರಿನಲ್ಲಿ ಆಡಿದ ಮಾತಿನ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ ಪುಟ್ಟ ಗಳ ಬಿಟ್ಟು ಆರು ಹೆಜ್ಜೆ ಇಟ್ಟ. ಪಾದ ಇನ್ನೂ ಪಟಪಟ ಬಡಿಯುತ್ತಿತ್ತು. ಜೂನಿನಲ್ಲಿ ಶಾಲೆಗೆ ನಡೆದೇ ಹೋದ. ಓಡುವಾಗ ಈಗಲೂ ಬೇಗ ಸುಸ್ತಾಗುತ್ತಾನೆ.

ಸಮಿತಿಯ ತೀರ್ಮಾನ ಬಂದದ್ದು ಅದೇ ಮಳೆಗಾಲದಲ್ಲಿ. ಪಿಎಚ್‌ಸಿ ಡಾಕ್ಟರು ಕೂರಿಸಿಕೊಂಡು ಓದಿ ಹೇಳಿದರು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಇದೆ. ಲಸಿಕೆಯಿಂದಲೋ ಹಾಕಿದ ರೀತಿಯಿಂದಲೋ ಆತಂಕದಿಂದಲೋ ಆದದ್ದು ಎ. ತೀರ್ಮಾನಿಸಲಾಗದ್ದು ಬಿ. ಬೇರೆ ಕಾರಣದಿಂದ ಆಗಿ ಕಾಕತಾಳೀಯವಾಗಿ ಒದಗಿದ್ದು ಸಿ. ಮಾಹಿತಿಯೇ ಸಾಲದ್ದು ಡಿ. ಪುಟ್ಟನದು ಬಿ2. ಲಸಿಕೆಗೆ ಸಂಬಂಧ ಇರಬಹುದು ಎನ್ನುವ ಅಂಶವೂ ಇದೆ, ಇಲ್ಲ ಎನ್ನುವ ಅಂಶವೂ ಇದೆ, ಒಂದಕ್ಕೊಂದು ಎದುರಾಗಿವೆ. ನಾನು ಸಿ ಬರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ. ಸಿ ಬಂದಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತೋ ಏನೋ. ಆದರೂ ಬಿ2 ಎಂದಾಗ ಒಂದು ಬಗೆಯ ನೆಮ್ಮದಿಯೂ ಆಯಿತು. ನನ್ನ ಮಗನ ಕಾಗದಗಳನ್ನು ಎಲ್ಲೋ ಕೂತು ಯಾರೋ ಪೂರ್ತಿ ಓದಿದ್ದಾರೆ, ತಮಗೆ ಅನುಕೂಲವಾದದ್ದನ್ನು ಬರೆದು ಕೈತೊಳೆದುಕೊಂಡಿಲ್ಲ.

ಇಷ್ಟರಲ್ಲಿ ಊರಲ್ಲಿ ಸುದ್ದಿ ತನ್ನದೇ ಕಾಲಿನಲ್ಲಿ ಓಡಾಡುತ್ತಿತ್ತು. ಪುಟ್ಟನಿಗೆ ಪೋಲಿಯೋ ಬಂತು, ಲಸಿಕೆ ಹಾಕಿದ ಎಲ್ಲರಿಗೂ ಬರುತ್ತದೆ, ಸರ್ಕಾರ ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದೆ. ಆಗಸ್ಟಿನಲ್ಲಿ ಹೈಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಟಿಡಿ ಹಾಕುವ ದಿನ ಅದರ ಫಲ ಕಂಡೆ. ಸಾಲಿನಲ್ಲಿ ನಿಂತ ಒಬ್ಬಳು ಹುಡುಗಿ ತಲೆಸುತ್ತಿ ಬಿದ್ದಳು. ಅವಳನ್ನು ನೋಡಿ ಇನ್ನಿಬ್ಬರು. ಸೂಜಿ ಹಾಕಿಸಿಕೊಂಡ ಇನ್ನೊಬ್ಬಳು ಹತ್ತು ನಿಮಿಷಕ್ಕೆ "ಅಕ್ಕ, ನನ್ ಕಾಲು ಎತ್ತಕ್ಕಾಯ್ತಿಲ್ಲ" ಎಂದು ಅಳತೊಡಗಿದಳು. ಮೇಷ್ಟರೊಬ್ಬರು "ನಾಟಕ ಮಾಡ್ಬೇಡ, ಏಳು" ಎಂದು ಗದರಿದರು. ನಾನು ಅವರಿಗೆ ಕೈಮುಗಿದು ದೂರ ಕಳಿಸಿದೆ. ಡಾಕ್ಟರು ಬಂದು ಅದೇ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಈ ಹುಡುಗಿಯ ಕಾಲು ಚಂಗನೆ ಒದೆಯಿತು. ಆ ಒದೆತ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ನರ ಸೋತಿಲ್ಲ. ಆತಂಕ ಮೈಯನ್ನು ಹಿಡಿದುಕೊಂಡಿದೆ. ಅವಳು ಬೇಕೆಂದು ಮಾಡಿದ್ದಲ್ಲ, ಕಾಲು ನಿಜಕ್ಕೂ ಅವಳ ಮಾತು ಕೇಳುತ್ತಿರಲಿಲ್ಲ. 2014ರಲ್ಲಿ ಕೊಲಂಬಿಯಾ ದೇಶದ ಕಾರ್ಮೆನ್ ದೆ ಬೊಲಿವಾರ್ ಎಂಬ ಊರಿನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ನಂತರ ನೂರಾರು ಹುಡುಗಿಯರಿಗೆ ಹೀಗೆ ತಲೆಸುತ್ತು, ಕೈಕಾಲು ಜೋಮು ಆಗಿತ್ತಂತೆ. ಒಬ್ಬರನ್ನು ನೋಡಿ ಒಬ್ಬರಿಗೆ, ಮೊಬೈಲಿನ ವಿಡಿಯೋ ನೋಡಿ ಇನ್ನಷ್ಟು ಜನಕ್ಕೆ. ತನಿಖೆಯಲ್ಲಿ ಲಸಿಕೆಯ ದೋಷ ಕಾಣಲಿಲ್ಲ. ನಾನು ಆ ಹುಡುಗಿಯನ್ನು ಬೇರೆ ಕೋಣೆಗೆ ಕರೆದೊಯ್ದು, ಪಕ್ಕದಲ್ಲೇ ಮಲಗಿಸಿ, ಪುಟ್ಟನ ಕಾಲಿಗೂ ಅವಳ ಕಾಲಿಗೂ ಏನು ವ್ಯತ್ಯಾಸ ಎಂದು ನಿಧಾನವಾಗಿ ಹೇಳಿದೆ. ಸಂಜೆಗೆ ಕುಂಟುತ್ತಾ ಮನೆಗೆ ಹೋದಳು. ಮೂರನೇ ದಿನ ಸರಿಯಾಗಿದ್ದಳು. ಅವಳ ಹೆಸರಲ್ಲೂ ಒಂದು ಫಾರಂ ತುಂಬಿಸಿದೆ.

ಅದೇ ಸಾಲಿನಲ್ಲಿ ನನ್ನ ಮಗಳೂ ಇದ್ದಳು, ಹತ್ತನೇ ಕ್ಲಾಸು. ತಮ್ಮನಿಗೆ ಆಯಿತೆಂದು ಅಕ್ಕನಿಗೆ ನಿಲ್ಲಿಸಬೇಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಯಜಮಾನರು "ನಿನಗೆ ಗೊತ್ತು, ನೋಡು" ಎಂದಿದ್ದರು. ಗಂಟಲಮಾರಿ ಬಂದರೆ ಅದರ ವಿಷವೇ ನರವನ್ನು ಸೋಲಿಸುತ್ತದೆ, ಅಂಗುಳು ಸೋತು ಕುಡಿದ ನೀರು ಮೂಗಿನಲ್ಲಿ ಬರುತ್ತದೆ ಎಂದು ಟ್ರೈನಿಂಗಿನಲ್ಲಿ ಓದಿದ್ದೆ. ಆ ಓದು ಅವತ್ತು ಬೇರೆಯೇ ರೀತಿ ನೆನಪಾಯಿತು. ಅವಳ ತೋಳು ಹಿಡಿದೆ. ನನ್ನ ಕೈ ನಡುಗಿದ್ದನ್ನು ಅವಳು ನೋಡಿದಳು. ಆಮೇಲೆ ಎರಡು ತಿಂಗಳು, ಅವಳು ಮೆಟ್ಟಿಲು ಹತ್ತುವ ಸದ್ದನ್ನು ನಾನು ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ.

ಪುಟ್ಟನ ವಿಷಯ ಬೇರೆ. ಧನುರ್ವಾಯು ಲಸಿಕೆಯಾದ 6 ವಾರದೊಳಗೆ ಜಿಬಿಎಸ್ ಬಂದವರಿಗೆ ಮುಂದಿನ ಡೋಸ್ ಕೊಡುವ ಮುಂಚೆ ಯೋಚಿಸಬೇಕೆಂಬ ಎಚ್ಚರಿಕೆ ಇದೆ. 16ಕ್ಕೆ ಹಾಕಿಸಬೇಕೋ ಬೇಡವೋ ಎಂದು ಆಗ ಡಾಕ್ಟರುಗಳು ಕೂತು ನೋಡುತ್ತಾರೆ. ಅಷ್ಟರೊಳಗೆ ದೊಡ್ಡ ಗಾಯವಾದರೆ ಏನು ಕೊಡಬೇಕು, ಏನನ್ನು ಯೋಚಿಸಿ ಕೊಡಬೇಕು ಎಂದು ಅವನ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ರೇಷನ್ ಕಾರ್ಡಿನ ಡಬ್ಬದಲ್ಲಿ ಇದೆ. ಶಾಲೆಯಲ್ಲೂ ಒಂದು ಪ್ರತಿ ಕೊಟ್ಟಿದ್ದೇನೆ.

ಹೋದ ವಾರ ಲೈನ್ ಮನೆಯ ಆ ತಾಯಿ, ಅವತ್ತು ಮಗಳನ್ನು ಒಳಗೆ ಎಳೆದುಕೊಂಡವಳು, ಚಿಕ್ಕ ಮಗನನ್ನು ಕರೆದುಕೊಂಡು ಅಂಗನವಾಡಿಗೆ ಬಂದಿದ್ದಳು. ಐದು ವರ್ಷದ ಬೂಸ್ಟರ್. "ಅಕ್ಕ, ಇವನಿಗೂ ಹಂಗಾಗಲ್ವಾ?" ಎಂದು ನೇರವಾಗಿ ಕೇಳಿದಳು. ಬಹಳ ಅಪರೂಪ, ಆದರೆ ಯಾರಿಗೂ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ ಎಂದೆ. ಜ್ವರ, ಊತದ ಮಾತು ಮುಗಿಸಿ ಈಗ ನಾನು ಇನ್ನೊಂದನ್ನು ಸೇರಿಸುತ್ತೇನೆ. ಅವಳಿಗೂ ಹೇಳಿದೆ: "ಹತ್ತು ದಿನ ಬಿಟ್ಟಾದ್ರೂ, ತಿಂಗಳು ಬಿಟ್ಟಾದ್ರೂ ಸರಿ, ಚಪ್ಪಲಿ ಜಾರ್ತದೆ, ಕೂತ್ರೆ ಏಳಕ್ಕಾಗಲ್ಲ ಅಂದ್ರೆ ಆ ಕೂಡ್ಲೇ ಫೋನ್ ಮಾಡು. ರಾತ್ರಿ ಆದ್ರೂ ಮಾಡು."

ಅವಳು ನನ್ನ ನಂಬರನ್ನು ಮೊಬೈಲಿನಲ್ಲಿ ಇದೆಯಾ ಎಂದು ಒಮ್ಮೆ ನೋಡಿಕೊಂಡಳು.

"ಅರ್ಧ ಗಂಟೆ ಕೂರ್ಬೇಕಲ್ವಾ? ನೀವೂ ಇರ್ತೀರ?"

"ಇರ್ತೀನಿ" ಎಂದು ಮಗುವಿನ ತೋಳು ಹಿಡಿದೆ.